ರಿಪೋರ್ಟಿನಲ್ಲಿ ‘ಎಎಲ್‌ಪಿ’ ಹೆಚ್ಚು: ಲಿವರೋ, ಮೂಳೆಯೋ?

2022ರ ಜುಲೈ. ಕೊಳೆರೋಗಕ್ಕೆ ಮೊದಲ ಸಲದ ಬೋರ್ಡೋ ಸಿಂಪಡಣೆ ಮುಗಿದಿತ್ತಷ್ಟೆ. ನಮ್ಮ ಮನೆಯಾಕೆಯ ರಕ್ತಪರೀಕ್ಷೆಯ ಕಾಗದ ಕೈಗೆ ಬಂತು. ಅವಳಿಗೆ ಎರಡು ವರ್ಷದಿಂದ ಸೊಂಟನೋವು, ತೊಡೆನೋವು, ಕೆಲಸ ಮಾಡಿದರೆ ವಿಪರೀತ ಆಯಾಸ. ವಾತವೆಂದು ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರು ಹಾಕಿದ್ದಾಯಿತು. ಕೊನೆಗೆ ‘ಒಂದ್ಸಲ ಎಲ್ಲಾ ಚೆಕ್ ಮಾಡಿಸಿಬಿಡುವ’ ಎಂದು ಪೇಟೆಯ ಲ್ಯಾಬೊಂದರಲ್ಲಿ ಪ್ಯಾಕೇಜು ಪರೀಕ್ಷೆ ಮಾಡಿಸಿದೆವು. ವೈದ್ಯರನ್ನು ಕೇಳಿ ಮಾಡಿಸಿದ್ದಲ್ಲ.

ಕಾಗದದ ಎರಡನೇ ಪುಟಕ್ಕೆ ‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ತಲೆಬರಹ. ಅದರ ಕೆಳಗಿನ ಸಾಲುಗಳೆಲ್ಲ ಸರಿಯಾಗಿದ್ದವು, ಒಂದನ್ನು ಬಿಟ್ಟು. ‘ಆಲ್ಕಲೈನ್ ಫಾಸ್ಫಟೇಸ್ - 312’. ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ಹೆಚ್ಚು. ಇರಬೇಕಾದ್ದು 40ರಿಂದ 130 ಎಂದು ಅಚ್ಚಾಗಿತ್ತು.

ಲಿವರ್ ಎಂಬ ತಲೆಬರಹ ನೋಡಿದ ಮೇಲೆ ಬೇರೆ ಯೋಚನೆ ಯಾರಿಗೆ ಬರುತ್ತದೆ? ಪಕ್ಕದ ಮನೆಯ ಭಾವ ಕಾಗದ ನೋಡಿದವನೇ, “ಇದು ಲಿವರಿಂದೇ ಭಾವ, ತಡ ಮಾಡಡ” ಎಂದ. ಕಾಮಾಲೆಯ ಪಥ್ಯ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ರಸ. ಎಣ್ಣೆ, ತುಪ್ಪ, ಒಗ್ಗರಣೆ ಬಂದ್. ಹಾಲು ಮೊಸರೂ ಬಂದ್. ಗಂಜಿ, ಉಪ್ಪು, ಬೇಯಿಸಿದ ತರಕಾರಿ. ಕೊಟ್ಟಿಗೆಯಲ್ಲಿ ಎರಡು ಹಸು ಹಾಲು ಕೊಡುತ್ತಿದ್ದರೂ ಏಳು ವಾರ ಅವಳು ಒಂದು ಲೋಟ ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಏಳು ವಾರದ ಮೇಲೆ ಮತ್ತೆ ರಕ್ತ ಕೊಟ್ಟೆವು. ಬಂದದ್ದು 326. ಅಷ್ಟರಲ್ಲಿ ಅವಳಿಗೆ ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ನಡೆಯುವಾಗ ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ಓಲಾಟ. ಪಕ್ಕದ ಸಾಗರ ತಾಲೂಕಿನ ಹಂದಿಗೋಡು ಕಾಯಿಲೆ ಇರಬಹುದೇ ಎಂದು ಕೇಳಿದವರೂ ಇದ್ದರು. 1970ರ ದಶಕದಲ್ಲಿ ಬೆಳಕಿಗೆ ಬಂದ ಆ ಕಾಯಿಲೆ ಕೀಲು ಮತ್ತು ಸೊಂಟದ್ದು ಹೌದು, ಆದರೆ ಅದು ವಂಶದಲ್ಲಿ ಬರುವಂಥದ್ದು. ನಮ್ಮಲ್ಲಿ ಹಾಗೆ ಯಾರಿಗೂ ಇರಲಿಲ್ಲ.

ಆಗ ಹೋದದ್ದು ಶಿರಸಿಯ ಒಬ್ಬ ವೈದ್ಯರಲ್ಲಿಗೆ. ಅವರು ಕಾಗದವನ್ನು ಮಡಚಿ ಪಕ್ಕಕ್ಕಿಟ್ಟು ಮೊದಲು ಪ್ರಶ್ನೆ ಕೇಳಿದರು. ಮೈ ತುರಿಕೆ ಇದೆಯಾ? ಮೂತ್ರ ಚಹಾದ ಬಣ್ಣಕ್ಕೆ ಬರುತ್ತದಾ? ಮಲ ಬಿಳಿಚಿಕೊಂಡಿದೆಯಾ? ಯಾವುದೂ ಇರಲಿಲ್ಲ. ಆಮೇಲೆ ಅವಳ ಮೊಳಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಅವಳು “ಅಯ್ಯೋ” ಎಂದು ಕಾಲು ಎಳೆದುಕೊಂಡಳು. ಕೈ ಊರದೆ ಸ್ಟೂಲಿನಿಂದ ಏಳಲು ಹೇಳಿದರು. ಏಳಲಾಗಲಿಲ್ಲ.

“ಇಲ್ಲಿ ಲಿವರ್ ಅಂತ ಅಚ್ಚು ಹಾಕಿದಾರೆ, ನಿಜ. ಆದ್ರೆ ಈ ನಂಬರು ಎರಡು ಮನೆಯಿಂದ ಬರ್ತದೆ. ಒಂದು ಲಿವರು, ಇನ್ನೊಂದು ಮೂಳೆ. ಯಾವ ಮನೆಯದ್ದು ಅಂತ ನೋಡದೆ ಔಷಧಿ ಮಾಡಿದ್ರಿ ನೀವು” ಎಂದರು.

ಆ ದಿನದಿಂದ ಈ ನಂಬರಿನ ಬೆನ್ನು ಹತ್ತಿ, ವೈದ್ಯರನ್ನು ಕಾಡಿ, ಲ್ಯಾಬಿನ ಹುಡುಗರನ್ನು ಕೇಳಿ, ಒಂದಷ್ಟು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಒಂದೂವರೆ ಎಕರೆ ತೋಟದ ಬೆಳೆಗಾರ. ಪ್ಯಾಕೇಜು ಪರೀಕ್ಷೆ ಈಗ ಹಳ್ಳಿಗೂ ಬಂದಿದೆ. ಕಾಗದ ನಮ್ಮ ಮೊಬೈಲಿಗೇ ಬಂದು ಬೀಳುತ್ತದೆ, ವೈದ್ಯರಿಗಿಂತ ಮೊದಲು ನಾವೇ ಓದುತ್ತೇವೆ. ಹಾಗಾಗಿ ಇದು ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೆಟ್ಟುಗತ್ತಿಯ ಲೆಕ್ಕ

ಆಲ್ಕಲೈನ್ ಫಾಸ್ಫಟೇಸ್, ಚಿಕ್ಕದಾಗಿ ಎಎಲ್‌ಪಿ, ಒಂದು ಕಿಣ್ವ. ಕಿಣ್ವವೆಂದರೆ ಮೆಟ್ಟುಗತ್ತಿ ಎಂದುಕೊಳ್ಳಿ. ಸಾವಿರ ಅಡಿಕೆ ಸುಲಿದರೂ ಕತ್ತಿ ಕತ್ತಿಯಾಗಿಯೇ ಉಳಿಯುತ್ತದೆ. ಈ ಕಿಣ್ವ ಸುಲಿಯುವುದು ಫಾಸ್ಫೇಟನ್ನು. ಬೇರೆ ವಸ್ತುವಿಗೆ ಅಂಟಿಕೊಂಡಿರುವ ಫಾಸ್ಫೇಟನ್ನು ಬಿಡಿಸಿ ಕೊಡುವುದೇ ಇದರ ಕೆಲಸ. ನಾವು ತೋಟಕ್ಕೆ ಶಿಲಾರಂಜಕವೆಂದು ಹಾಕುತ್ತೇವಲ್ಲ, ಅದೇ ರಂಜಕದ ಕತೆ ಇದು. ಮಣ್ಣಿನಲ್ಲೂ ಫಾಸ್ಫಟೇಸ್ ಇದೆ. ಸೊಪ್ಪು, ಗೊಬ್ಬರದೊಳಗೆ ಸಿಕ್ಕಿಕೊಂಡ ರಂಜಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡಿಸಿಕೊಳ್ಳುವುದು ಇದೇ ಬಗೆಯ ಕಿಣ್ವದಿಂದ. ನಮ್ಮ ಹುಳಿ ಮಣ್ಣಿನಲ್ಲಿ ಹುಳಿಯಲ್ಲಿ ಕೆಲಸ ಮಾಡುವ ಫಾಸ್ಫಟೇಸ್ ಹೆಚ್ಚು. ರಕ್ತದಲ್ಲಿ ಅಳೆಯುವುದು ಕ್ಷಾರದಲ್ಲಿ ಚುರುಕಾಗುವಂಥದ್ದನ್ನು, ಹಾಗಾಗಿ ‘ಆಲ್ಕಲೈನ್’ ಎಂಬ ಹೆಸರು.

ಲ್ಯಾಬಿನಲ್ಲಿ ಇದನ್ನು ತೂಕ ಮಾಡುವುದಿಲ್ಲ. ಫಾಸ್ಫೇಟ್ ಅಂಟಿರುವ ಬಣ್ಣವಿಲ್ಲದ ಒಂದು ರಾಸಾಯನಿಕಕ್ಕೆ ರಕ್ತದ ತಿಳಿಯನ್ನು ಸೇರಿಸುತ್ತಾರೆ. ಕಿಣ್ವ ಫಾಸ್ಫೇಟನ್ನು ಸುಲಿದ ಹಾಗೆ ಉಳಿದದ್ದು ಹಳದಿ ಬಣ್ಣಕ್ಕೆ ತಿರುಗುತ್ತದೆ. ನಿಮಿಷಕ್ಕೆ ಎಷ್ಟು ಹಳದಿಯಾಯಿತು ಎಂದು ಯಂತ್ರ ನೋಡುತ್ತದೆ. ಅಂದರೆ ಚಪ್ಪರದಲ್ಲಿ ಎಷ್ಟು ಕತ್ತಿ ಇದೆ ಎಂದು ಎಣಿಸದೆ, ಒಂದು ನಿಮಿಷಕ್ಕೆ ಎಷ್ಟು ಅಡಿಕೆ ಸುಲಿಯಿತು ಎಂದು ನೋಡಿ ಲೆಕ್ಕ ಹಾಕಿದ ಹಾಗೆ. ‘ಯುನಿಟ್’ ಎಂದರೆ ಇದೇ.

ಇದರಲ್ಲೊಂದು ಗೊಂದಲವಿದೆ. ನಮ್ಮ ಆಯಿಯ ಹಳೆಯ ರಿಪೋರ್ಟೊಂದು ಟ್ರಂಕಿನಲ್ಲಿತ್ತು. ಅದರಲ್ಲಿ ಎಎಲ್‌ಪಿ 11 ಎಂದು ಬರೆದಿತ್ತು. ಆಯಿಗೆ 11, ಸೊಸೆಗೆ 312! ಹೆದರಿಕೆ ಆಗದೆ ಇರುತ್ತದಾ? ಆಮೇಲೆ ಗೊತ್ತಾಯಿತು, ಅದು ಕಿಂಗ್-ಆರ್ಮ್‌ಸ್ಟ್ರಾಂಗ್ ಎಂಬ ಹಳೆಯ ಅಳತೆ. 1930ರ ದಶಕದ್ದು, ನಮ್ಮ ದೇಶದ ಲ್ಯಾಬುಗಳಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು. ಅದರ ಒಂದು ಯುನಿಟ್ಟು ಈಗಿನ ಸುಮಾರು 7 ಯುನಿಟ್ಟಿಗೆ ಸಮ. ಆಯಿಯ 11 ಎಂದರೆ ಈಗಿನ 78ರ ಹತ್ತಿರ, ಪೂರಾ ಸರಿ. ಮಣವನ್ನೂ ಕ್ವಿಂಟಲನ್ನೂ ಪಕ್ಕದಲ್ಲಿಟ್ಟು ಹೋಲಿಸಿದ ಹಾಗಾಗಿತ್ತು ನಮ್ಮ ಲೆಕ್ಕ.

ಲಿವರಿನ ಮನೆ

ಲಿವರಿನಲ್ಲಿ ಈ ಕಿಣ್ವ ಇರುವುದು ಪಿತ್ತ ಹರಿಯುವ ಸಣ್ಣ ಸಣ್ಣ ನಾಳಗಳ ಅಂಚಿನಲ್ಲಿ. ತೋಟದ ಬಸಿಗಾಲುವೆಗೆ ಸೋಗೆ ಅಡ್ಡ ಬಿದ್ದರೆ ನೀರು ಹಿಂದಕ್ಕೆ ಒತ್ತುತ್ತದಲ್ಲ, ಹಾಗೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ, ಗಡ್ಡೆಯೊಂದು ಒತ್ತಿದರೆ, ಪಿತ್ತ ನಿಲ್ಲುತ್ತದೆ. ಆಗ ಅಲ್ಲಿಯ ಜೀವಕೋಶಗಳು ಎಎಲ್‌ಪಿಯನ್ನು ಹೆಚ್ಚು ಹೆಚ್ಚು ತಯಾರಿಸುತ್ತವೆ, ಅದು ರಕ್ತಕ್ಕೆ ಸೇರುತ್ತದೆ. ಅಡ್ಡಿ ಸರಿದ ಮೇಲೂ ನಂಬರು ಒಂದೇ ದಿನಕ್ಕೆ ಇಳಿಯುವುದಿಲ್ಲ, ವಾರಗಟ್ಟಲೆ ಬೇಕು. ವೈದ್ಯರು ತುರಿಕೆ, ಮೂತ್ರ, ಮಲದ ಬಣ್ಣ ಕೇಳಿದ್ದು ಈ ಅಡ್ಡಿಯ ಗುರುತು ಹಿಡಿಯಲು.

ಲಿವರಿನ ಜೀವಕೋಶಗಳೇ ಸಾಯುವ ಕಾಯಿಲೆಗಳಲ್ಲಿ, ಅಂದರೆ ವೈರಸ್ಸಿನ ಕಾಮಾಲೆಯಂಥದ್ದರಲ್ಲಿ, ಬಹಳ ಏರುವುದು ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಎಂಬ ಇನ್ನೆರಡು ಸಾಲು. ಎಎಲ್‌ಪಿ ಅಷ್ಟಾಗಿ ಏರುವುದಿಲ್ಲ. ನಮ್ಮ ಕಡೆಯ ಮಂಗನ ಕಾಯಿಲೆಯಲ್ಲೂ, 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತು ಹಿಡಿದದ್ದು, 2024ರಲ್ಲಿ ಸಿದ್ದಾಪುರ ತಾಲೂಕನ್ನು ಬಹಳ ಕಾಡಿದ್ದು, ಈ ಎರಡು ಸಾಲು ಏರುವುದುಂಟು. ಹಾಗೆಂದು ಇವನ್ನು ನೋಡಿ ಮಂಗನ ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನಿಸಲಾಗದು, ಅದಕ್ಕೆ ಬೇರೆಯೇ ರಕ್ತಪರೀಕ್ಷೆ ಇದೆ. ಕಾಡಿಗೆ ಹೋಗಿಬಂದು ಜ್ವರ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗುವುದೇ ಸರಿ, ಪ್ಯಾಕೇಜು ಪರೀಕ್ಷೆ ಅಲ್ಲಿ ಪ್ರಯೋಜನಕ್ಕಿಲ್ಲ.

ಮೂಳೆಯ ಮನೆ

ಮೂಳೆಗೂ ಈ ಕಿಣ್ವಕ್ಕೂ ಇರುವ ಸಂಬಂಧವನ್ನು 1923ರಲ್ಲೇ ಲಂಡನ್ನಿನ ರಾಬರ್ಟ್ ರಾಬಿಸನ್ ಎಂಬ ವಿಜ್ಞಾನಿ ತೋರಿಸಿದ್ದರು. ಮೂಳೆ ಎಂದರೆ ಸತ್ತ ಕಲ್ಲಲ್ಲ. ದಿನವೂ ಒಂದು ಕಡೆ ಕೆಡವುತ್ತ ಇನ್ನೊಂದು ಕಡೆ ಕಟ್ಟುತ್ತ ಇರುತ್ತದೆ. ಕಟ್ಟುವ ಜೀವಕೋಶಗಳು ಮೊದಲು ಮೆತ್ತಗಿನ ಚೌಕಟ್ಟು ಹಾಕುತ್ತವೆ, ಆಮೇಲೆ ಅದರೊಳಗೆ ಸುಣ್ಣ ಮತ್ತು ರಂಜಕ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ತುಂಬಿ ಗಟ್ಟಿ ಮಾಡುತ್ತವೆ. ಈ ತುಂಬುವ ಕೆಲಸಕ್ಕೆ ಅಡ್ಡ ಬರುವ ವಸ್ತುವನ್ನು ಒಡೆದು ಫಾಸ್ಫೇಟು ಬಿಡಿಸಿ ಕೊಡುವುದು ಎಎಲ್‌ಪಿ.

ಈಗ ಕ್ಯಾಲ್ಸಿಯಂ ಬರಲೇ ಇಲ್ಲ ಎಂದುಕೊಳ್ಳಿ. ಊಟದಲ್ಲಿ ಇದ್ದರೂ ಅದನ್ನು ಕರುಳು ಹೀರಬೇಕಾದರೆ ಡಿ ವಿಟಮಿನ್ ಬೇಕು. ಡಿ ಇಲ್ಲದಿದ್ದರೆ ಮೂಳೆಯ ಚೌಕಟ್ಟು ಮೆತ್ತಗೇ ಉಳಿಯುತ್ತದೆ. ಮೇಸ್ತ್ರಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದಾರೆ, ಸಿಮೆಂಟು ಮಾತ್ರ ಬಂದಿಲ್ಲ. ಮೇಸ್ತ್ರಿ ಹೆಚ್ಚಿದ ಹಾಗೆ ರಕ್ತದಲ್ಲಿ ಎಎಲ್‌ಪಿ ಹೆಚ್ಚುತ್ತದೆ. ಸುಲಿಯುವ ಚಪ್ಪರದಲ್ಲಿ ಕತ್ತಿ ಹೆಚ್ಚು ಕಂಡರೆ ಆಳು ಹೆಚ್ಚು ಬಂದಿದ್ದಾರೆ ಎಂದರ್ಥವೇ ಹೊರತು ಸುಲಿದು ರಾಶಿ ಬಿದ್ದಿದೆ ಎಂದಲ್ಲ. ದೊಡ್ಡವರಲ್ಲಿ ಈ ರೋಗಕ್ಕೆ ಆಸ್ಟಿಯೋಮಲೇಸಿಯ ಎನ್ನುತ್ತಾರೆ, ಮೂಳೆ ಮೆತ್ತಗಾಗುವುದು. ಮಕ್ಕಳಲ್ಲಿ ಬಂದರೆ ರಿಕೆಟ್ಸ್, ಕಾಲು ಬಿಲ್ಲಿನಂತೆ ಬಾಗುತ್ತದೆ.

ವಯಸ್ಸಾದವರ ಮೂಳೆ ಸವೆತ, ಆಸ್ಟಿಯೋಪೊರೋಸಿಸ್, ಬೇರೆ. ಅದರಲ್ಲಿ ಎಎಲ್‌ಪಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ‘ಎಎಲ್‌ಪಿ ಸರಿಯಿದೆ, ಮೂಳೆ ಗಟ್ಟಿಯಿದೆ’ ಎಂದು ತಿಳಿಯುವುದೂ ತಪ್ಪು.

ನಮ್ಮಾಕೆಯ ನಂಬರು ಯಾವ ಮನೆಯದ್ದೆಂದು ತಿಳಿಯಲು ವೈದ್ಯರು ಬರೆದುಕೊಟ್ಟದ್ದು ಜಿಜಿಟಿ ಎಂಬ ಇನ್ನೊಂದು ಪರೀಕ್ಷೆ. ಅದೂ ಕಿಣ್ವವೇ. ಲಿವರು, ಪಿತ್ತನಾಳದ ತೊಂದರೆಯಲ್ಲಿ ಏರುತ್ತದೆ, ಮೂಳೆಯ ತೊಂದರೆಯಲ್ಲಿ ಏರುವುದಿಲ್ಲ. ಎರಡೂ ಏರಿದ್ದರೆ ಲಿವರಿನ ಕಡೆ ನೋಡಬೇಕು, ಎಎಲ್‌ಪಿ ಒಂದೇ ಏರಿದ್ದರೆ ಮೂಳೆಯ ಕಡೆ. ಇಷ್ಟು ಸಣ್ಣ ವಿಷಯ. ಹಿಂದಿನ ಕಾಲದಲ್ಲಿ ಇದಕ್ಕೆ ರಕ್ತದ ತಿಳಿಯನ್ನು 56 ಡಿಗ್ರಿಗೆ ಬಿಸಿ ಮಾಡಿ ನೋಡುತ್ತಿದ್ದರಂತೆ. ಮೂಳೆಯಿಂದ ಬಂದ ಎಎಲ್‌ಪಿ ಬಿಸಿಗೆ ಬೇಗ ಕೆಡುತ್ತದೆ, ಲಿವರಿನದ್ದು ಸ್ವಲ್ಪ ತಡೆದುಕೊಳ್ಳುತ್ತದೆ. ಬಿಸಿಗೆ ಕೆಡುವ ಈ ಗುಣವನ್ನು ಡೇರಿಯವರೂ ಬಳಸುತ್ತಾರೆ. ಹಸಿ ಹಾಲಿನಲ್ಲಿ ಎಎಲ್‌ಪಿ ಇರುತ್ತದೆ. 72 ಡಿಗ್ರಿಯಲ್ಲಿ 15 ಸೆಕೆಂಡು ಸರಿಯಾಗಿ ಪಾಶ್ಚರೀಕರಿಸಿದರೆ ಅದು ಕೆಟ್ಟುಹೋಗುತ್ತದೆ. ಕ್ಷಯದ ರೋಗಾಣುವಿಗಿಂತ ಇದು ತುಸು ಗಟ್ಟಿ. ಹಾಗಾಗಿ ಪ್ಯಾಕೆಟ್ ಹಾಲಿನಲ್ಲಿ ಎಎಲ್‌ಪಿ ಉಳಿದಿದ್ದರೆ ಬಿಸಿ ಸಾಲಲಿಲ್ಲ, ಇಲ್ಲವೇ ಹಸಿ ಹಾಲು ಬೆರೆತಿದೆ ಎಂದು ತಿಳಿಯುತ್ತಾರೆ.

ಅವಳ ಜಿಜಿಟಿ 22 ಬಂತು, ಪೂರಾ ಸರಿ. ಡಿ ವಿಟಮಿನ್ 7. ಕನಿಷ್ಠ 20 ಇರಬೇಕಂತೆ. ಕ್ಯಾಲ್ಸಿಯಂ, ರಂಜಕ ಎರಡೂ ಕಡಿಮೆ. ಸೊಂಟದ ಎಕ್ಸ್‌ರೇಯಲ್ಲಿ ತೊಡೆಮೂಳೆಯ ಕತ್ತಿನ ಹತ್ತಿರ ಒಂದು ಮಾಸಲು ಗೆರೆ. ವೈದ್ಯರು ಅದನ್ನು ಬೆಳಕಿಗೆ ಹಿಡಿದು ತೋರಿಸಿ, “ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ರೆ ಇಲ್ಲಿ ಮುರೀತಿತ್ತು” ಎಂದರು. ನಾವು ಏಳು ವಾರ ಹಾಲು ಮೊಸರು ನಿಲ್ಲಿಸಿದ್ದನ್ನು ಹೇಳಿದಾಗ ಅವರು ಬಯ್ಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಅದಕ್ಕಿಂತ ಬಯ್ದಿದ್ದರೆ ಒಳ್ಳೆಯದಿತ್ತು.

ರೈತರ ಮನೆಯವಳಿಗೆ ಬಿಸಿಲಿನ ಕೊರತೆಯೇ ಎಂದು ನಾನೂ ಕೇಳಿದೆ. ಯೋಚಿಸಿ ನೋಡಿದರೆ ಹೌದು. ಅಡಿಗೆ ಮನೆ ಕತ್ತಲೆ. ಕೊಟ್ಟಿಗೆ ಕತ್ತಲೆ. ತೋಟಕ್ಕಿಳಿದರೆ ಅಡಿಕೆಯ ನೆರಳು, ಅದರ ಕೆಳಗೆ ಬಾಳೆ, ಏಲಕ್ಕಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ. ಚರ್ಮದಲ್ಲಿ ಡಿ ತಯಾರಾಗುವುದು ಬಿಸಿಲು ನೆತ್ತಿಯ ಹತ್ತಿರ ಇರುವ ಹೊತ್ತಿನಲ್ಲಿ, ಹತ್ತರಿಂದ ಮೂರರ ನಡುವೆ. ಆ ಹೊತ್ತಿಗೆ ಅವಳು ಒಲೆಯ ಮುಂದೆ. ಬೆಳಗಿನ ಎಳೆಬಿಸಿಲು, ಸಂಜೆಯ ಬಿಸಿಲು ಇದಕ್ಕೆ ಅಷ್ಟಾಗಿ ಬರುವುದಿಲ್ಲ. ಚಾಲಿಗೆ ಎಷ್ಟು ದಿನ ಬಿಸಿಲು ಬೇಕೆಂದು ನನಗೆ ಗೊತ್ತಿತ್ತು, ಇದರ ಲೆಕ್ಕ ಇಟ್ಟಿರಲಿಲ್ಲ.

ಹೆಚ್ಚಿದ್ದರೂ ರೋಗವಲ್ಲದ್ದು

ಇದನ್ನು ತಿಳಿಯದೆ ಹೆದರುವವರೇ ಹೆಚ್ಚು. ಬೆಳೆಯುವ ಮಕ್ಕಳಲ್ಲಿ ಮೂಳೆ ಕಟ್ಟುವ ಕೆಲಸ ಜೋರು, ಹಾಗಾಗಿ ಎಎಲ್‌ಪಿ ದೊಡ್ಡವರಿಗಿಂತ ಎರಡು ಮೂರು ಪಟ್ಟು ಇರುವುದು ಸಹಜ. ನಮ್ಮ ಮಗಳ ಹನ್ನೆರಡು ವರ್ಷದ ಮಗನಿಗೆ ಜ್ವರ ಬಂದಾಗ ತೆಗೆಸಿದ ರಿಪೋರ್ಟಿನಲ್ಲಿ 340 ಇತ್ತು, ಪಕ್ಕದಲ್ಲಿ ಅದೇ ‘ಎಚ್’. ಲ್ಯಾಬಿನವರು ಮಕ್ಕಳಿಗೂ ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿದ್ದರು. ಮಗಳು ಅಳುತ್ತ ಫೋನು ಮಾಡಿದಳು. ಅಷ್ಟು ಹೊತ್ತಿಗೆ ನಾನು ಸ್ವಲ್ಪ ಕಲಿತಿದ್ದೆ. “ತಂಗೀ, ಹುಡುಗ ಉದ್ದ ಆಗ್ತಾ ಇದ್ದ, ಅಷ್ಟೇಯ. ಆದ್ರೂ ಡಾಕ್ಟ್ರಿಗೆ ಒಂದ್ಸಲ ತೋರ್ಸು” ಎಂದೆ. ಅವರೂ ಅದನ್ನೇ ಹೇಳಿದರಂತೆ.

ಬಸುರಿಯರಲ್ಲಿ ಕೊನೆಯ ಮೂರು ತಿಂಗಳು ಏರುತ್ತದೆ, ಅದು ಮಾಸಿನಿಂದ ಬರುವ ಎಎಲ್‌ಪಿ. ಮೂಳೆ ಮುರಿದು ಕೂಡುತ್ತಿರುವಾಗಲೂ ಏರುತ್ತದೆ. ನಮ್ಮ ಕೊನೆಗೌಡ ಮರದಿಂದ ಜಾರಿ ಕಾಲು ಮುರಿದುಕೊಂಡ ಎರಡು ತಿಂಗಳ ಮೇಲೆ ಬೇರೆ ಕಾರಣಕ್ಕೆ ರಕ್ತ ಕೊಟ್ಟಿದ್ದ. 190 ಬಂತು. “ಕುಡೀತಾನೆ, ಲಿವರ್ ಹೋಗಿದೆ” ಎಂದು ಊರೆಲ್ಲ ಸುದ್ದಿ. ಅವನ ಜಿಜಿಟಿ ಸರಿಯಿತ್ತು. ಕಾಲು ಕೂಡಿದ ಮೇಲೆ ಎಎಲ್‌ಪಿಯೂ ಇಳಿಯಿತು.

ಊಟದಿಂದಲೂ ಸ್ವಲ್ಪ ಏರುಪೇರು ಆಗುತ್ತದೆ. ‘ಒ’ ಮತ್ತು ‘ಬಿ’ ರಕ್ತದ ಗುಂಪಿನ ಹಲವರಲ್ಲಿ ಜಿಡ್ಡಿನ ಊಟವಾದ ಮೇಲೆ ಕರುಳಿನ ಎಎಲ್‌ಪಿ ರಕ್ತಕ್ಕೆ ಬರುತ್ತದೆ. ಹೋಳಿಗೆ ತುಪ್ಪದ ಊಟ ಮುಗಿಸಿ ಮಧ್ಯಾಹ್ನ ರಕ್ತ ಕೊಡುವುದಕ್ಕಿಂತ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವುದು ಒಳ್ಳೆಯದು. ಮೂರ್ಛೆರೋಗದ ಕೆಲವು ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ ಹೆಚ್ಚಿರಬಹುದು. ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ.

ಕಡಿಮೆ ಬರುವುದೂ ಉಂಟು. ಈ ಕಿಣ್ವ ಕೆಲಸ ಮಾಡಲು ಸತು ಮತ್ತು ಮೆಗ್ನೀಷಿಯಂ ಬೇಕು. ತೋಟಕ್ಕೆ ಸತುವಿನ ಸಲ್ಫೇಟು ಹಾಕುವ ನಮಗೆ ಇದು ಹೊಸತಲ್ಲ. ಲ್ಯಾಬಿನ ಹುಡುಗನೊಬ್ಬ ಹೇಳಿದ ಸಂಗತಿ ಇಲ್ಲಿ ನೆನಪಾಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಔಷಧಿ ಈ ಸತು, ಮೆಗ್ನೀಷಿಯಂಗಳನ್ನು ಹಿಡಿದಿಟ್ಟುಬಿಡುತ್ತದೆ. ಅದರಲ್ಲಿ ತೆಗೆದ ರಕ್ತದಲ್ಲಿ ಎಎಲ್‌ಪಿ ನೋಡಿದರೆ ಸುಳ್ಳೇ ಕಡಿಮೆ ಬರುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬು ಇದಕ್ಕೆ ಸರಿ.

ಆಮೇಲೆ ಆದದ್ದು

ಡಿ ವಿಟಮಿನ್ 60,000 ಯುನಿಟ್ಟಿನ ಪುಡಿ, ವಾರಕ್ಕೆ ಒಂದರಂತೆ ಎಂಟು ವಾರ. ದಿನವೂ ಕ್ಯಾಲ್ಸಿಯಂ ಮಾತ್ರೆ. ಹಾಲು, ಮೊಸರು ಮತ್ತೆ ಶುರು. ರಾಗಿ ಅಂಬಲಿ ಹೊಸದಾಗಿ ಸೇರಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಅನ್ನವೇ ಊಟವಾದ ನಮ್ಮ ಮನೆಗಳಲ್ಲಿ ರಾಗಿ ಕಂಡರೆ ಮೂಗು ಮುರಿಯುತ್ತಾರೆ, ಅವಳೂ ಮುರಿದಳು, ಆಮೇಲೆ ರೂಢಿಯಾಯಿತು.

ವಾರಕ್ಕೊಂದು ಎಂಬುದನ್ನು ದಪ್ಪಗೆ ಬರೆದು ಗೋಡೆಗೆ ಅಂಟಿಸಿದ್ದೆ. ಆ ಪುಡಿಯನ್ನು ದಿನಕ್ಕೊಂದರಂತೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಪರೀಕ್ಷೆ ಇಲ್ಲದೆ ಅಂಗಡಿಯಿಂದ ತಂದು ತೆಗೆದುಕೊಳ್ಳುವಂಥದ್ದಲ್ಲ.

ಎರಡು ತಿಂಗಳ ಮೇಲೆ ನೋಡಿದರೆ ಎಎಲ್‌ಪಿ 330! ಮತ್ತೆ ಎದೆ ಧಸಕ್ಕೆಂದಿತು. ವೈದ್ಯರು ನಕ್ಕರು. “ಈಗ ಸಿಮೆಂಟು ಬಂತಲ್ಲ, ಮೇಸ್ತ್ರಿಗಳು ನಿಜವಾಗಿ ಕೆಲಸ ಶುರು ಮಾಡಿದಾರೆ” ಎಂದರು. ನೋವು ಅಷ್ಟರಲ್ಲೇ ಅರ್ಧ ಇಳಿದಿತ್ತು. ಐದನೇ ತಿಂಗಳಿಗೆ 235. ಹತ್ತನೇ ತಿಂಗಳಿಗೆ 124, ಕಾಗದದಲ್ಲಿ ‘ಎಚ್’ ಇರಲಿಲ್ಲ. ಎಕ್ಸ್‌ರೇಯ ಗೆರೆಯೂ ಮುಚ್ಚಿತ್ತು.

ಈಗ ಕೊನೆಕೊಯ್ಲು ಮುಗಿದ ಮೇಲೆ ಬಿಸಿಲಿನ ದಿನಗಳಲ್ಲಿ ಹನ್ನೊಂದು ಗಂಟೆಗೆ ಅಂಗಳದ ಅಡಿಕೆ ಹರವುವ ಕೆಲಸ ಅವಳದ್ದು, ಒಲೆ ನನ್ನದು. ನನ್ನ ಸಾರು ಉಣ್ಣುವ ಹಾಗಿರುವುದಿಲ್ಲ ಎಂದು ಅವಳ ದೂರು ಇದ್ದೇ ಇದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ದೀಪಾವಳಿಯ ನಂತರ ಒಮ್ಮೆ ವೈದ್ಯರು ಬರೆದುಕೊಟ್ಟ ಪರೀಕ್ಷೆ ಮಾತ್ರ ಮಾಡಿಸುತ್ತೇವೆ. ಕಾಗದ ಬಂದ ಕೂಡಲೇ ಪಕ್ಕದ ಮನೆಯ ಭಾವ ಈಗಲೂ ಕೇಳುತ್ತಾನೆ, “ಜಿಜಿಟಿ ಎಷ್ಟಿದ್ದು?” ಎಂದು.